ಬೆಚ್ಚಿಬೀಳಿಸುವ ಆಟ, ತಲ್ಲಣಗೊಳಿಸುವ ಆಟ

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಗಳಲ್ಲಿ ವಿಡಿಯೊ ಗೇಮ್‌ಗಳ ಪ್ರಸ್ತಾಪ ಬರುವುದೇ ಅಪರೂಪ. ಬಂದರೂ ಅದು ಮಕ್ಕಳ ಚಟ, ಹಿಂಸೆ ಇಲ್ಲವೇ ಮಾರುಕಟ್ಟೆಯ ವಹಿವಾಟಿಗೆ ಸೀಮಿತವಾಗಿರುತ್ತದೆ. ಅದರಲ್ಲೂ ಹಾರರ್ ಗೇಮ್ ಎಂದರೆ ಕತ್ತಲಲ್ಲಿ ಥಟ್ಟನೆ ಮೇಲೆರಗುವ ವಿಕಾರ ಮುಖ, ಗೋಡೆಗೆ ಚಿಮ್ಮಿದ ರಕ್ತ, ಅಷ್ಟೇ ಎಂಬ ತೀರ್ಮಾನ ಆಡುವ ಮೊದಲೇ ಆಗಿಬಿಟ್ಟಿರುತ್ತದೆ. ಹಲವು ವರ್ಷಗಳಿಂದ ಈ ಆಟಗಳನ್ನು ಆಡುತ್ತ ಬಂದಿರುವ ಓದುಗನಾಗಿ ನನಗೆ ಈ ತೀರ್ಮಾನ ನೋವುಂಟುಮಾಡುತ್ತದೆ. ಏಕೆಂದರೆ ಈ ಪ್ರಕಾರದ ಅತ್ಯುತ್ತಮ ಆಟಗಳಲ್ಲಿ ನಿಜವಾಗಿ ಭಯ ಹುಟ್ಟಿಸುವುದು ವಿಶ್ವದ ಲೆಕ್ಕದಲ್ಲಿ ಮನುಷ್ಯನಿಗೆ ಜಾಗವೇ ಇಲ್ಲ ಎಂಬ ಅರಿವು, ಮತ್ತು ಆ ಅರಿವನ್ನು ಆಟದಷ್ಟು ಹತ್ತಿರಕ್ಕೆ ತಂದು ನಿಲ್ಲಿಸುವ ಮಾಧ್ಯಮ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ನಮ್ಮ ಕಾವ್ಯಮೀಮಾಂಸೆ ಭಯಾನಕ ಮತ್ತು ಬೀಭತ್ಸಗಳನ್ನು ಬೇರೆ ಬೇರೆ ರಸಗಳೆಂದೇ ಗುರುತಿಸಿದೆ. ಒಂದರ ಸ್ಥಾಯಿಭಾವ ಭಯ, ಇನ್ನೊಂದರದ್ದು ಜುಗುಪ್ಸೆ. ರಕ್ತಮಾಂಸ ತೋರಿಸಿ ಮುಖ ಸಿಂಡರಿಸುವಂತೆ ಮಾಡುವ ಆಟ ಬೀಭತ್ಸದ ಅಂಗಳದಲ್ಲಿದೆ. ಭಯದೊಳಗೂ ಬೆಚ್ಚಿಬೀಳುವುದು ಒಂದು, ತಲ್ಲಣಿಸುವುದು ಮತ್ತೊಂದು. ಬೆಚ್ಚಿದವನ ಎದೆಬಡಿತ ನಿಮಿಷದೊಳಗೆ ತಹಬಂದಿಗೆ ಬರುತ್ತದೆ. ತಲ್ಲಣವಾದರೋ ಕಂಪ್ಯೂಟರ್ ಆರಿಸಿ ದೀಪ ಹಾಕಿದ ಮೇಲೂ ಜೊತೆಗೇ ಎದ್ದು ಬರುತ್ತದೆ.

2015ರಲ್ಲಿ ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಸಂಸ್ಥೆ ಹೊರತಂದ ‘ಸೋಮಾ’ ಎಂಬ ಆಟವನ್ನೇ ನೋಡಿ. ಟೊರಾಂಟೊ ನಗರದ ಸೈಮನ್ ಎಂಬ ಯುವಕ ಅಪಘಾತದಲ್ಲಿ ಪೆಟ್ಟಾದ ತನ್ನ ಮಿದುಳಿನ ಸ್ಕ್ಯಾನ್ ಮಾಡಿಸಿಕೊಳ್ಳಲು ಕುರ್ಚಿಯಲ್ಲಿ ಕೂರುತ್ತಾನೆ. ಕಣ್ಣು ಬಿಟ್ಟಾಗ ಅವನು ಇರುವುದು 2104ನೇ ಇಸವಿಯ ಸಾಗರತಳದ ಕೇಂದ್ರವೊಂದರಲ್ಲಿ. ಹಿಂದಿನ ವರ್ಷವಷ್ಟೇ ಧೂಮಕೇತುವೊಂದು ಅಪ್ಪಳಿಸಿ ಭೂಮಿಯ ಮೇಲ್ಮೈ ಸುಟ್ಟುಹೋಗಿದೆ. ಕುರ್ಚಿಯಲ್ಲಿ ಕೂತ ಸೈಮನ್ ಸತ್ತು ಸುಮಾರು ಒಂದು ಶತಮಾನವೇ ಕಳೆದಿದೆ, ತಾನು ಅವನ ಸ್ಕ್ಯಾನಿನ ಒಂದು ಪ್ರತಿ ಮಾತ್ರ ಎಂಬುದು ಅವನಿಗೆ, ಅಂದರೆ ಆಡುತ್ತಿರುವ ನಮಗೆ, ನಿಧಾನವಾಗಿ ತಿಳಿಯುತ್ತದೆ. ಆಟದ ಒಂದು ಘಟ್ಟದಲ್ಲಿ ಇನ್ನೂ ಆಳಕ್ಕೆ ಇಳಿಯಲು ನೀರಿನ ಒತ್ತಡ ತಾಳಬಲ್ಲ ಬೇರೊಂದು ಮೈ ಬೇಕಾಗುತ್ತದೆ. ಮನಸ್ಸನ್ನು ಅಲ್ಲಿಗೆ ಸಾಗಿಸಿದರಾಯಿತು ಎಂದುಕೊಂಡು ನಾವು ಕೂರುತ್ತೇವೆ, ಹೊಸ ಮೈಯಲ್ಲಿ ಕಣ್ಣು ಬಿಡುತ್ತೇವೆ, ಕೆಲಸ ಆಯಿತು ಎಂದು ಉಸಿರು ಬಿಡುತ್ತೇವೆ. ಆಗ ಪಕ್ಕದ ಕುರ್ಚಿಯಿಂದ ನಮ್ಮದೇ ದನಿ ಕೇಳಿಸುತ್ತದೆ: ಯಾಕೆ ಏನೂ ಆಗಲಿಲ್ಲ ಎಂದು ಅದು ಗೊಂದಲದಿಂದ ಕೇಳುತ್ತಿರುತ್ತದೆ. ಸಾಗಿಸಿದ್ದಲ್ಲ, ನಕಲು ಮಾಡಿದ್ದು. ಹಳೆಯ ಸೈಮನ್ ಅಲ್ಲೇ ಉಳಿದಿದ್ದಾನೆ. ಅವನಿಗೆ ಎಚ್ಚರ ತಪ್ಪಿಸಲಾಗುತ್ತದೆ. ಅವನ ಮೈಯನ್ನು ನಡೆಸುವ ಬ್ಯಾಟರಿಯನ್ನು ಬರಿದು ಮಾಡಿ ನಿದ್ದೆಯಲ್ಲೇ ಮುಗಿಸಬೇಕೋ, ಮುಂದೊಂದು ದಿನ ನಿರ್ಜನ ಕೇಂದ್ರದಲ್ಲಿ ಒಬ್ಬನೇ ಏಳಲು ಬಿಟ್ಟುಹೋಗಬೇಕೋ ಎಂಬುದನ್ನು ಆಡುವವನೇ ನಿರ್ಧರಿಸಬೇಕು.

ಆ ರಾತ್ರಿ ಮೌಸ್ ಮೇಲಿನ ಕೈ ತೆಗೆದು ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಪರದೆಯ ಮೇಲೆ ರಾಕ್ಷಸನಿಲ್ಲ, ಸಮಯದ ಗಡುವಿಲ್ಲ, ಕುರ್ಚಿಯಲ್ಲಿ ತಲೆ ವಾಲಿಸಿಕೊಂಡ ಒಂದು ದೇಹ ಮಾತ್ರ. ಯಾವುದನ್ನು ಆರಿಸಿದರೂ ಅಂಕ ಹೆಚ್ಚುವುದಿಲ್ಲ, ಕಥೆಯ ಕೊನೆ ಬದಲಾಗುವುದಿಲ್ಲ, ಸರಿಯೆಂದಾಗಲಿ ತಪ್ಪೆಂದಾಗಲಿ ಆಟ ತುಟಿ ಬಿಚ್ಚುವುದಿಲ್ಲ. ಇದೇ ಸನ್ನಿವೇಶವನ್ನು ಕಥೆಯಲ್ಲಿ ಓದಿದ್ದರೆ ಪಾತ್ರ ಮಾಡಿದ್ದನ್ನು ನಾನು ನೋಡುತ್ತಿದ್ದೆ. ಇಲ್ಲಿ ಮಾಡಿದ್ದು ನನ್ನ ಬೆರಳು. ‘ನಾನು’ ಎಂದು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುವುದು ಎಷ್ಟು ಸುಲಭವಾಗಿ ಎರಡಾಗಬಲ್ಲದು, ಬೇಡವಾಗಬಲ್ಲದು ಎಂಬ ಪ್ರಶ್ನೆಯನ್ನು ತತ್ವಶಾಸ್ತ್ರದ ಪುಸ್ತಕಗಳಲ್ಲಿ ಮೊದಲೇ ಓದಿದ್ದೆನಾದರೂ, ಅದು ನನಗೇ ಕೇಳಿದ ಪ್ರಶ್ನೆ ಎನಿಸಿದ್ದು ಅಂದೇ. ಆಟದ ಮುಕ್ತಾಯ ಇನ್ನೂ ಕಠೋರವಾಗಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

2017ರಲ್ಲಿ ತಯಾರಕರು ಇದೇ ಆಟಕ್ಕೆ ‘ಸೇಫ್ ಮೋಡ್’ ಸೇರಿಸಿದರು. ಅದರಲ್ಲಿ ರಾಕ್ಷಸ ಜೀವಿಗಳು ಎದುರಾದರೂ ಆಡುವವನನ್ನು ಕೊಲ್ಲುವುದಿಲ್ಲ. ಎರಡನೆಯ ಸಲ ನಾನು ಹಾಗೆಯೇ ಆಡಿದೆ. ಜೀವಭಯ ಹೋದ ಮೇಲೂ ಆ ಕುರ್ಚಿಯ ಎದುರು ನಿಂತಾಗ ಹೊಟ್ಟೆಯೊಳಗಿನ ತಳಮಳ ಹಾಗೆಯೇ ಇತ್ತು.

2022ರಲ್ಲಿ ಡೇವಿಡ್ ಶಿಮಾನ್‌ಸ್ಕಿ ರೂಪಿಸಿದ ‘ಐರನ್ ಲಂಗ್’ ತೀರಾ ಚಿಕ್ಕ ಆಟ. ನಕ್ಷತ್ರಗಳೂ ವಾಸಯೋಗ್ಯ ಗ್ರಹಗಳೂ ಕಾರಣವೇ ತಿಳಿಯದಂತೆ ಮಾಯವಾಗಿವೆ. ಅಳಿದುಳಿದ ಜನ ಕೈದಿಯೊಬ್ಬನನ್ನು ತುಕ್ಕು ಹಿಡಿದ ಪುಟ್ಟ ಜಲಾಂತರ್ಗಾಮಿಯಲ್ಲಿ ಕೂರಿಸಿ, ಹೊರಗಿನಿಂದ ಬೆಸುಗೆ ಹಾಕಿ, ಉಪಗ್ರಹವೊಂದರ ರಕ್ತದ ಕಡಲಿಗೆ ಇಳಿಸುತ್ತಾರೆ. ಕಿಟಕಿಯನ್ನೂ ಲೋಹದಿಂದ ಮುಚ್ಚಲಾಗಿದೆ. ಕೈಯಲ್ಲಿರುವುದು ಒಂದು ನಕ್ಷೆ, ಸ್ಥಾನ ತೋರಿಸುವ ಅಂಕಿಗಳು, ಮತ್ತು ಹೊರಗಿನ ದೃಶ್ಯವನ್ನು ಮಸುಕು ಚಿತ್ರವಾಗಿ ತೆಗೆದುಕೊಡುವ ಕ್ಯಾಮೆರಾದ ಗುಂಡಿ. ಗುಂಡಿ ಒತ್ತಬೇಕು, ಚಿತ್ರ ಮೂಡುವ ತನಕ ಕಾಯಬೇಕು, ಕಂಡದ್ದು ಕಲ್ಲೋ ಎಲುಬೋ ಎಂದು ದಿಟ್ಟಿಸಬೇಕು. ಇಷ್ಟರಲ್ಲೇ ಇಡೀ ಭಯ ಅಡಗಿದೆ. ನಕ್ಷತ್ರಗಳು ಏಕೆ ಮಾಯವಾದವು ಎಂಬುದಕ್ಕೆ ಆಟ ಉತ್ತರ ಕೊಡುವುದಿಲ್ಲ, ಕೊಡದಿರುವುದೇ ಸರಿ.

ಈ ಬಗೆಯ ವಿಶ್ವಭಯವನ್ನು ಕಥೆಗಳಲ್ಲಿ ನೆಲೆಗೊಳಿಸಿದವರಲ್ಲಿ ಅಮೆರಿಕದ ಎಚ್.ಪಿ. ಲವ್‌ಕ್ರಾಫ್ಟ್ (1890–1937) ಪ್ರಮುಖ. ಆತನ ಮಹಾಶಕ್ತಿಗಳು ಮನುಷ್ಯನನ್ನು ದ್ವೇಷಿಸುವ ಗೋಜಿಗೂ ಹೋಗುವುದಿಲ್ಲ. ಅನೇಕ ಆಟಗಳು ಅವನಿಂದ ಆಕ್ಟೋಪಸ್‌ನಂಥ ಬಳುಕುವ ತೋಳುಗಳನ್ನು ಮಾತ್ರ ಎರವಲು ತಂದು ಆ ಔದಾಸೀನ್ಯವನ್ನು ಅಲ್ಲೇ ಬಿಟ್ಟುಬಂದಿವೆ. ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ‘ಬ್ಲಡ್‌ಬೋರ್ನ್’ (2015) ನಾನು ಬಹುವಾಗಿ ಮೆಚ್ಚುವ ಆಟ. ಅದರಲ್ಲಿ ‘ಇನ್‌ಸೈಟ್’ ಎಂಬ ಒಂದು ಲೆಕ್ಕವಿದೆ, ಒಳನೋಟ ಎನ್ನೋಣ. ಅದು 40 ಮುಟ್ಟಿದಾಗ, ಅದುವರೆಗೆ ಎಷ್ಟೋ ಬಾರಿ ನೆಮ್ಮದಿಯಿಂದ ಹಾದುಹೋಗಿದ್ದ ಪ್ರಾರ್ಥನಾ ಮಂದಿರದ ಗೋಡೆಯನ್ನು ಹಲವು ಕೈಗಳ ದೈತ್ಯಾಕೃತಿಯೊಂದು ಅವುಚಿಕೊಂಡಿರುವುದು ಕಣ್ಣಿಗೆ ಬೀಳುತ್ತದೆ. ಅದು ಮೊದಲಿನಿಂದಲೂ ಅಲ್ಲೇ ಇತ್ತು. ಕಾಣುವ ಕಣ್ಣು ಈಗ ಬಂದಿದೆ. ತಿಳಿವು ಹೆಚ್ಚಿದಷ್ಟೂ ಉನ್ಮಾದಕ್ಕೆ ಬೇಗ ತುತ್ತಾಗುವಂತೆಯೂ ಆಟವನ್ನು ಕಟ್ಟಿದ್ದಾರೆ. ಇಷ್ಟೆಲ್ಲ ಸೊಗಸಾಗಿ ಹೆಣೆದ ಮೇಲೂ, ಅಂಥದೇ ಜೀವಿಗೊಂದು ಹೆಲ್ತ್ ಬಾರ್ (ಉಳಿದ ಪ್ರಾಣಬಲ ತೋರಿಸುವ ಪಟ್ಟಿ) ಇಟ್ಟು, ಕತ್ತಿ ಹಿಡಿದು ಸಾಕಷ್ಟು ಬಾರಿ ಪ್ರಯತ್ನಿಸಿದರೆ ಅದನ್ನೂ ಕೆಡವಬಹುದು ಎಂದಾದಾಗ, ಮನುಷ್ಯ ಮತ್ತೆ ವಿಶ್ವದ ನಡುಮಧ್ಯಕ್ಕೆ ಬಂದು ಕೂರುತ್ತಾನೆ. ಆಡುವವನೇ ನಾಯಕ ಎಂಬುದು ಈ ಮಾಧ್ಯಮದ ಹುಟ್ಟುಗುಣವಾದ್ದರಿಂದ, ಅವನು ಯಾರೂ ಅಲ್ಲ ಎಂದು ಹೇಳಹೊರಟ ಆಟ ತನ್ನ ಸ್ವಭಾವದ ವಿರುದ್ಧವೇ ಈಜಬೇಕಾಗುತ್ತದೆ.

ಆ ಈಜಿನಲ್ಲಿ ದಡ ಮುಟ್ಟಿದ್ದು, ಹಾರರ್ ಎಂದು ಯಾರೂ ಕರೆಯದ ‘ಔಟರ್ ವೈಲ್ಡ್ಸ್’ (2019). ಪ್ರತಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲವೂ ಅಳಿದು ಕಾಲ ಮರಳಿ ಶುರುವಾಗುತ್ತದೆ. ಆಡುವವನ ಬಳಿ ಉಳಿಯುವುದು ಕಲಿತದ್ದು ಮಾತ್ರ. ಪುರಾತನ ಜನಾಂಗವೊಂದು ಸೂರ್ಯನನ್ನು ಸಿಡಿಸಲೆಂದೇ ಕಟ್ಟಿದ ಯಂತ್ರದ ಸುಳಿವು ಸಿಕ್ಕಿ, ಇದನ್ನು ನಿಲ್ಲಿಸಿದರೆ ಎಲ್ಲರೂ ಬದುಕುತ್ತಾರೆ ಎಂದು ಗಂಟೆಗಟ್ಟಲೆ ಅದರ ಬೆನ್ನು ಹತ್ತುತ್ತೇವೆ. ಅಲ್ಲಿಗೆ ತಲುಪಿದಾಗ ಗೊತ್ತಾಗುತ್ತದೆ: ಆ ಯಂತ್ರ ಕೆಲಸವೇ ಮಾಡಿರಲಿಲ್ಲ. ಸೂರ್ಯನ ಆಯುಸ್ಸು ಮುಗಿದಿದೆ, ಅಷ್ಟೇ. ದೂಷಿಸಲು ಯಾರೂ ಇಲ್ಲ. ಇದನ್ನು ಇನ್ನೂ ಆಡದವರು ಈ ಗುಟ್ಟು ಬಿಟ್ಟುಕೊಟ್ಟಿದ್ದಕ್ಕೆ ನನ್ನನ್ನು ಕ್ಷಮಿಸಬೇಕು.

ಇಂಥ ವಿಷಯ ಎಳೆಯರ ಮನಸ್ಸು ಕೆಡಿಸುತ್ತದೆ ಎಂಬ ಆಕ್ಷೇಪ ಬರಬಹುದು. ಇವುಗಳಲ್ಲಿ ಹೆಚ್ಚಿನವು ಮಕ್ಕಳಿಗಾಗಿ ಮಾಡಿದವೇ ಅಲ್ಲ, ವಯೋಮಿತಿಯ ಗುರುತು ಆಟದ ಮೇಲೆಯೇ ಇರುತ್ತದೆ. ಖಿನ್ನತೆಯಿಂದ ಬಳಲುತ್ತಿರುವವರು ಇವುಗಳಿಂದ ದೂರವಿರುವುದು ಒಳಿತು ಎಂಬುದನ್ನೂ ನಾನು ಒಪ್ಪುತ್ತೇನೆ. ಆದರೆ ಅಸ್ತಿತ್ವವಾದದ ಬಗ್ಗೆ ಸಾಹಿತ್ಯದ ಪುಟಗಳಲ್ಲಿ ಗಂಭೀರವಾಗಿ ಚರ್ಚಿಸುವ ನಾವು, ಅದೇ ತಲ್ಲಣ ಆಟದ ರೂಪದಲ್ಲಿ ಬಂದಾಗ ಮಕ್ಕಳಾಟಿಕೆ ಎಂದು ಪಕ್ಕಕ್ಕೆ ಸರಿಸುವುದು ನ್ಯಾಯವಲ್ಲ.

ಪುಸ್ತಕ, ನಾಟಕ, ಸಿನಿಮಾಗಳ ವಿಮರ್ಶೆಗೆ ಕೊಡುವ ಜಾಗದಲ್ಲಿ ತಿಂಗಳಿಗೊಮ್ಮೆಯಾದರೂ ಒಂದು ಆಟದ ವಿಮರ್ಶೆ ಬರಲಿ ಎಂಬುದು ನನ್ನ ವಿನಂತಿ. ಜಾಹೀರಾತಿನ ಸಾಲುಗಳನ್ನು ಕನ್ನಡಕ್ಕೆ ಇಳಿಸಿದರೆ ಸಾಲದು. ಕೊನೆಯ ತನಕ ಆಡಿದವರೇ ಅದನ್ನು ಬರೆಯಬೇಕು. ‘ಐರನ್ ಲಂಗ್’ನಿಂದ ಆರಂಭಿಸಬಹುದು. ಅದನ್ನು ಮುಗಿಸಲು ಒಂದು ಗಂಟೆಯ ಆಸುಪಾಸು ಸಾಕು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ