ಶನಿವಾರದ ಬೀಜದುಂಡೆಗೆ ಬೀಜ ಕಳಿಸಿ

ಪೋಷಕರಿಗೆ ನಮಸ್ಕಾರ. ಈ ಶನಿವಾರ ಬ್ಯಾಗ್ ಇಲ್ಲದ ದಿನ. 4, 5ನೇ ತರಗತಿ ಮಕ್ಕಳು ಬೀಜದುಂಡೆ ಕಟ್ಟುತ್ತಾರೆ. ಕೆಮ್ಮಣ್ಣು, ಸಗಣಿ ಗೊಬ್ಬರ ಶಾಲೆಯಲ್ಲೇ ಇದೆ. ನೀವು ಹೊಂಗೆ, ಬೇವಿನ ಬೀಜ ಕಳಿಸಿದರೆ ಸಾಕು.

ಬೇವಿನ ಬೀಜ ಈಗ ಉದುರಿದ್ದೇ ಆಗಿರಲಿ. ಹೋದ ವರ್ಷದ್ದು ಮೊಳೆಯೋದಿಲ್ಲ. ತಿರುಳು ತೊಳೆದು, ನೆರಳಲ್ಲಿ ಆರಿಸಿ, ಪೇಪರ್ ಪೊಟ್ಟಣದಲ್ಲಿ ಕೊಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಬೆವರಿ ಬೂಷ್ಟು ಹಿಡಿಯುತ್ತೆ.

ನೀಲಗಿರಿ ಮಾತ್ರ ಬೇಡ, ಅದು ನೆಲದ ನೀರು ಹೀರುತ್ತೆ. ನಮ್ಮ ಕೋಲಾರದಲ್ಲಿ ಬೋರ್‌ವೆಲ್ ನೀರು ಮೊದಲೇ ಪಾತಾಳ ಸೇರಿದೆ ಅಲ್ವಾ? ನೀಲಗಿರಿ ಹೊಸದಾಗಿ ನೆಡೋದನ್ನು 2017ರಲ್ಲೇ ಸರ್ಕಾರ ನಿಷೇಧಿಸಿದೆ.

ಇನ್ನೊಂದು ವಿಷಯ. ಬಿಸಿಯೂಟದ ತಟ್ಟೆ ತೊಳೆದ ನೀರು ನುಗ್ಗೆ ಗಿಡಕ್ಕೆ ಹೋಗುವ ಕಾಲುವೆ ಹೂಳು ತುಂಬಿ ಕಟ್ಟಿಕೊಂಡಿದೆ. ಬಿಡುವಿದ್ದವರು ಬೆಳಿಗ್ಗೆ 9ಕ್ಕೆ ಗುದ್ದಲಿ ಹಿಡಿದು ಬನ್ನಿ. ಮೊಬೈಲ್‌ನಲ್ಲಿ ಬರೀ ಹೆಬ್ಬೆರಳು (👍) ಒತ್ತಿದರೆ ಹೂಳು ಹೋಗಲ್ಲ!