ಕಾಫಿ ಕಣದಲ್ಲಿ ನಿಂತ ಅಕ್ಕನ ಫೋಟೋ

ಡಬ್ಲಿನ್
ಜನವರಿ 18

ಪ್ರೀತಿಯ ಅಕ್ಕನಿಗೆ,

ನಾವಿಲ್ಲಿ ಮೂವರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಈಗ ಹೇಗಿದೆ? ಅಮ್ಮ ಅಡುಗೆಯ ಹುಳಿಗೆ ಅಂತ ಕಳಿಸಿದ ಕಾಚಂಪುಳಿ ಇನ್ನೂ ಅರ್ಧ ಬಾಟಲಿ ಇದೆ ಅಂತ ಹೇಳು. ತುಂಬಾ ಜೋಪಾನವಾಗಿ ಬಳಸುತ್ತಿದ್ದೇನೆ.

ನೀನು ನಿನ್ನ ಕಾಫಿ ಪುಡಿ ವ್ಯಾಪಾರಕ್ಕೆ ಅಂತ ಫೋಟೋ ಶೂಟ್ ಮಾಡಿಸುತ್ತೇನೆ ಅಂದಾಗಿನಿಂದ ನನಗೆ ಅದೇ ಯೋಚನೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತದೆ, ನೀನೂ ಕೆಲಸದ ಮಧ್ಯೆ ಇರುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಭಾವನಿಗೂ ಓದಲು ಕೊಡು.

ಮೊದಲು ಜಾಗದ ವಿಷಯ. ಮಡಿಕೇರಿಗೆ ಹೋಗಿ ರಾಜಾಸೀಟಿನಲ್ಲಿ ಒಂದಷ್ಟು, ಆಮೇಲೆ ಮಾಂದಲಪಟ್ಟಿಯಲ್ಲಿ ಮಂಜಿನ ಮುಂದೆ ಒಂದಷ್ಟು ತೆಗೆಸೋಣ ಅಂದೆಯಲ್ಲ, ಅದು ಬೇಡ ಅಕ್ಕ. ಆ ಜಾಗಗಳು ಚೆಂದವೇ. ಆದರೆ ಕೊಡಗು ನೋಡಲು ಬಂದವರೆಲ್ಲ ಅಲ್ಲೇ ನಿಂತು ಅದೇ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಸೋಮವಾರಪೇಟೆ ಕಡೆಯ ನಮ್ಮ ತೋಟದಲ್ಲಿ ನೀನು ನಿಂತ ಫೋಟೋ ಬೇರೆ ಯಾರ ಹತ್ತಿರವೂ ಇಲ್ಲ. ಬೆಂಗಳೂರಿನಿಂದ ನಿನ್ನ ಪುಡಿ ತರಿಸಿಕೊಳ್ಳುವವರು, ಶನಿವಾರ ನಿನ್ನ ಹತ್ತಿರ ಕಾಫಿ ಹುರಿಯೋದು ಕಲಿಯೋಕೆ ಬರುವವರು, ಎಲ್ಲರೂ ನಿನ್ನನ್ನು ನಂಬಿ ಬರುತ್ತಾರೆ. ಈಕೆಗೆ ಕಾಫಿ ಗೊತ್ತು ಅಂತ ಫೋಟೋ ನೋಡಿದ ತಕ್ಷಣ ಅನ್ನಿಸಬೇಕು. ಪರ್ಸನಲ್ ಬ್ರ್ಯಾಂಡ್ ಅಂತ ಇಲ್ಲಿ ಎಷ್ಟೆಲ್ಲ ಮಾತಾಡುತ್ತಾರೆ, ನನಗೆ ಅರ್ಥವಾಗಿರುವುದು ಇಷ್ಟು.

ಹೋದ ನವೆಂಬರಿನಲ್ಲಿ ನನ್ನ ಅಡುಗೆ ಕ್ಲಾಸಿಗೆ ಅಂತ ಇಲ್ಲಿನ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆ. ಬ್ಲೇಜರ್ ಹಾಕಿಸಿ, ಕೈಕಟ್ಟಿ ನಿಲ್ಲಿಸಿ, ಹಿಂದೆ ಬೂದು ಬಣ್ಣದ ಪರದೆ ಇಟ್ಟು ತೆಗೆದರು. ನೋಡೋಕೆ ಚೆನ್ನಾಗಿಯೇ ಇದ್ದವು. ಆದರೆ ಅದರಲ್ಲಿ ಅಡುಗೆಯ ಸುಳಿವೇ ಇರಲಿಲ್ಲ. ಕೊಟ್ಟ ಎಂಟೂ ಉದ್ದುದ್ದದ ಫೋಟೋಗಳು. ವೆಬ್‌ಸೈಟಿನ ಮೇಲ್ಭಾಗದಲ್ಲಿ ಅಡ್ಡಕ್ಕೆ ಹಾಕಲು ಹೋದರೆ ಒಂದರಲ್ಲಿ ತಲೆ ಕತ್ತರಿಸಿ ಹೋಯಿತು, ಇನ್ನೊಂದರಲ್ಲಿ ಮುಖ ಬಿಟ್ಟು ಬೇರೇನೂ ಉಳಿಯಲಿಲ್ಲ. ಎಲ್ಲೆಲ್ಲಿ ಹಾಕುತ್ತೇನೆ ಅಂತ ನಾನೂ ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ದುಡ್ಡು ಕೊಟ್ಟು ಮತ್ತೆ ತೆಗೆಸಬೇಕಾಯಿತು. ನಿನಗೆ ಹಾಗಾಗಬಾರದು.

ಅದಕ್ಕೆ ಒಂದು ಹಾಳೆ ತಗೊಂಡು, ಫೋಟೋ ಎಲ್ಲೆಲ್ಲಿ ಬೇಕು ಅಂತ ಬರೆದುಕೋ. ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಮಿನ ಸಣ್ಣ ವೃತ್ತಕ್ಕೆ ಮುಖದ ಹತ್ತಿರದ ಫೋಟೋ ಬೇಕು. ಲಿಂಕ್ಡ್‌ಇನ್ ಬ್ಯಾನರಿನ ಅಳತೆ 1584 ಕ್ಕೆ 396 ಪಿಕ್ಸೆಲ್, ಅಂದರೆ ಎತ್ತರದ ನಾಲ್ಕು ಪಟ್ಟು ಅಗಲ. ಅಲ್ಲಿಗೆ ನೀನು ಒಂದು ಪಕ್ಕಕ್ಕೆ ನಿಂತು, ಉಳಿದ ಕಡೆ ತೋಟ ಖಾಲಿ ಕಾಣಬೇಕು, ಅಕ್ಷರ ಹಾಕಲು. ಮೇಳಕ್ಕೆ ಹೋದಾಗ ನಿಲ್ಲಿಸುವ ಸ್ಟ್ಯಾಂಡಿಗೆ ಕಾಲಿನ ತನಕ ಬರುವ ಉದ್ದದ ಫೋಟೋ. ಪ್ಯಾಕೆಟ್ಟಿನ ಹಿಂಭಾಗಕ್ಕೆ ನಿನ್ನ ಕೈಗಳು ಮಾತ್ರ ಸಾಕು.

ಕೈ ಅಂದೆನಲ್ಲ, ನನ್ನ ಮನಸ್ಸಿನಲ್ಲಿ ಇರುವ ಫೋಟೋ ಅದೇ. ಸಾಯಂಕಾಲ ಕಾಫಿ ಒಣಗಿಸುವ ಕಣದಲ್ಲಿ ನೀನು ಬಗ್ಗಿ ಒಂದು ಹಿಡಿ ಚೆರಿ, ಅಂದರೆ ಕಾಫಿ ಹಣ್ಣು, ಎತ್ತಿಕೊಳ್ಳುತ್ತೀಯ. ಮುಷ್ಟಿ ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತೀಯ. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ ಅಂತ ತಲೆ ಆಡಿಸಿ, ಕೈ ಬಿಡಿಸಿ ಮತ್ತೆ ಕಣಕ್ಕೆ ಸುರಿಯುತ್ತೀಯ. ಆ ಕ್ಷಣ ನಿನ್ನ ಕಣ್ಣು ಎಲ್ಲೂ ನೋಡುತ್ತಿರುವುದಿಲ್ಲ, ಪೂರ್ತಿ ಕೇಳುತ್ತಿರುತ್ತೀಯ. ಅದು ಅಜ್ಜನಿಂದ ಬಂದದ್ದು ಅಲ್ವಾ? ಆ ಒಂದು ಫೋಟೋ ಸರಿಯಾಗಿ ಸಿಕ್ಕಿದರೆ ಉಳಿದದ್ದು ಏನಾದರೂ ಆಗಲಿ.

ಇನ್ನು ಬೆಳಕು. ಸಿಲ್ವರ್ ಮರದ ಕೆಳಗೆ ಮಧ್ಯಾಹ್ನ ನಿಂತರೆ ಮುಖದ ಮೇಲೆ ಬಿಸಿಲಿನ ಚುಕ್ಕೆ ಬೀಳುತ್ತದೆ, ಎಲೆಯ ಹಸಿರೂ ಚರ್ಮಕ್ಕೆ ಹತ್ತುತ್ತದೆ. ಬೆಳಿಗ್ಗೆ ಒಂಬತ್ತೂವರೆ ಒಳಗೆ, ಇಲ್ಲಾಂದ್ರೆ ನಾಲ್ಕೂವರೆ ಮೇಲೆ ತೆಗೆಯಲಿ. ಸಂಜೆ ಕಣದ ಸಿಮೆಂಟು ನೆಲ ಕೆಳಗಿನಿಂದ ಮುಖಕ್ಕೆ ಬೆಳಕು ಎಸೆಯುತ್ತದೆ, ಕಣ್ಣಿನ ಕೆಳಗಿನ ನೆರಳು ಕಮ್ಮಿಯಾಗುತ್ತದೆ. ಹುರಿಯುವ ಕೋಣೆಯಲ್ಲಿ ಬೆಳಿಗ್ಗೆ ಪೂರ್ವದ ಕಿಟಕಿ ತೆಗೆದು ಟ್ಯೂಬ್‌ಲೈಟ್ ಆರಿಸಿಬಿಡು. ಎರಡು ಬೆಳಕು ಕಲೆತರೆ ಬಣ್ಣ ಕೆಡುತ್ತದೆ. ಹೊಗೆ ಚೆನ್ನಾಗಿ ಕಾಣಬೇಕಾದರೆ ಬೆಳಕು ಪಕ್ಕದಿಂದಲೋ ಹಿಂದಿನಿಂದಲೋ ಬರಬೇಕು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಹೊಗೆ ಸಪ್ಪೆಯಾಗುತ್ತದೆ.

ಕಾಫಿ ಹೂವಿನ ಫೋಟೋ ಬೇಕೇ ಬೇಕು ಅಂತ ನೀನು ಹಟ ಹಿಡಿದದ್ದು ನನಗೂ ಇಷ್ಟ. ಮಳೆ ಬಿದ್ದ ಮೇಲೆ ಹೂ ಬಿಡಲಿ ಅಂತ ಕಾಯುತ್ತಾ ಕೂತರೆ ಫೋಟೋಗ್ರಾಫರಿಗೆ ಯಾವ ದಿನ ಅಂತ ಹೇಳುತ್ತೀಯ? ಆದರೆ ಕೆರೆ ಪಕ್ಕದ ರೊಬಸ್ಟಾ ಕಾಫಿ ಗಿಡಗಳಿಗೆ, ಕೊಯ್ಲು ಮುಗಿದ ಮೇಲೆ ಅಪ್ಪ ಸ್ಪ್ರಿಂಕ್ಲರ್ ಹಾಕಿಸುತ್ತಾರಲ್ಲ. ನೀರು ಕೊಟ್ಟು ಎಂಟು-ಹತ್ತು ದಿನಕ್ಕೆ ಹೂ ಬಿಡುತ್ತದೆ. ಅಂದರೆ ಹೂವಿನ ದಿನ ಅಪ್ಪನ ಕೈಯಲ್ಲೇ ಇದೆ. ನೀರು ಬಿಟ್ಟ ದಿನವೇ ಫೋಟೋಗ್ರಾಫರಿಗೆ ಫೋನ್ ಮಾಡಿ, ಎಂಟನೇ ದಿನದಿಂದ ಮೂರು ದಿನ ಬೆಳಿಗ್ಗೆ ಹೊತ್ತು ಬಿಡುವು ಇಟ್ಟುಕೊಳ್ಳಲು ಹೇಳು. ಹೂ ಅರಳಿದ ಮೇಲೆ ಎರಡು-ಮೂರು ದಿನದಲ್ಲಿ ಬಾಡಿಬಿಡುತ್ತದೆ. ಒಳಗೆ ಇಬ್ಬರಿಗಿಂತ ಜಾಸ್ತಿ ಜನ ಹೋಗಬೇಡಿ, ಗಿಡ ಅಲ್ಲಾಡಿಸಬೇಡಿ, ಜೇನ್ನೊಣಗಳು ಅವುಗಳ ಪಾಡಿಗೆ ಇರಲಿ. ಮುಂಜಾನೆ ಕತ್ತಲಲ್ಲಿ ಮಾತ್ರ ಹೋಗಬೇಡಿ. ಆನೆ ಯಾವ ಕಡೆ ಇದೆ ಅಂತ ವಿಚಾರಿಸಿಕೊಂಡು, ಪೂರ್ತಿ ಬೆಳಕು ಹರಿದ ಮೇಲೆ ಹೊರಡಿ.

ಒಂದು ಮಾತು, ತಪ್ಪು ತಿಳಿಯಬೇಡ. ಆ ಹೂವಿನ ಫೋಟೋ ಕೆಳಗೆ ಅರೇಬಿಕಾ ಅಂತ ಬರೆಯಬೇಡ, ಅದು ಕಾಫಿಯ ಬೇರೆ ಜಾತಿ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿದೆ, ಆ ಹೆಸರಿಗೆ ಬೆಲೆ ಇದೆ, ನಿಜ. ಆದರೆ ಕಾಫಿ ಬಲ್ಲವರು ಎಲೆಯ ಅಗಲ ನೋಡಿದರೆ ರೊಬಸ್ಟಾ ಅಂತ ಹೇಳಿಬಿಡುತ್ತಾರೆ. ಹಾಗೆಯೇ ಕೊಡವ ಶೈಲಿಯಲ್ಲಿ ಸೀರೆ ಉಟ್ಟು ತೆಗೆಸುವುದೂ ಬೇಡ ಅನ್ನಿಸುತ್ತದೆ. ಅದು ಎಷ್ಟು ಚೆಂದ ಕಂಡರೂ ಅದು ಅವರದ್ದು, ನಾವು ಫೋಟೋಕ್ಕೋಸ್ಕರ ಉಡುವುದು ಸರಿಯಲ್ಲ. ನೀನು ದಿನಾ ಉಡುವ ಹತ್ತಿ ಸೀರೆ ಉಡು, ಆ ಸಾಸಿವೆ ಬಣ್ಣದ್ದು. ಹಸಿರಿನ ಮುಂದೆ ಎದ್ದು ಕಾಣುತ್ತದೆ. ಇನ್ನೊಂದು ಜೊತೆಗೆ ಮರೂನ್ ಕುರ್ತಾ ಇಟ್ಟುಕೋ. ಸಣ್ಣ ಸಣ್ಣ ಚೌಕಳಿಯ ಬಟ್ಟೆ ಬೇಡ, ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕಾಣುತ್ತದೆ.

ಕುಶಾಲನಗರದ ಆ ಮದುವೆ ಫೋಟೋ ತೆಗೆಯುವ ಹುಡುಗನನ್ನೇ ಕರೆಸು, ಅವನ ಕೈ ಚೆನ್ನಾಗಿದೆ. ಆದರೆ ಮುಖ ಬೆಳ್ಳಗೆ ಮಾಡಬೇಡ, ಗೆರೆ ಅಳಿಸಬೇಡ ಅಂತ ಮೊದಲೇ ಹೇಳು. ಎಷ್ಟು ಫೋಟೋ ತಿದ್ದಿ ಕೊಡುತ್ತಾನೆ, ಯಾವಾಗ ಕೊಡುತ್ತಾನೆ, ಎಲ್ಲ ಬರೆದು ಇಬ್ಬರೂ ಸಹಿ ಹಾಕಿ. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ ಅಂತ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಅದಕ್ಕೆ ಸಹಿ ಹಾಕುವ ಮುಂಚೆ ಕಾಗದದಲ್ಲಿ ಏನಿದೆ ಅಂತ ಓದು. ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ಇಸ್ಕೋ. ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಸೈಜ್ ಕುಗ್ಗಿ, ಸ್ಟ್ಯಾಂಡಿಗೆ ಪ್ರಿಂಟ್ ಹಾಕಿಸಿದಾಗ ಮಸುಕಾಗುತ್ತದೆ.

ಕೆಲಸದವರ ಮುಖ ಬರುವುದಾದರೆ ಅವರನ್ನು ಮೊದಲೇ ಕೇಳು. ಯಾವುದಕ್ಕೆ ಅಂತ ಬಿಡಿಸಿ ಹೇಳು. ಒಲ್ಲೆ ಅಂದರೆ ಒತ್ತಾಯ ಮಾಡಬೇಡ. ನಿಂತ ಹೊತ್ತಿಗೂ ಕೂಲಿ ಕೊಡು.

ಹಾಗಾದರೆ ಎರಡು ದಿನ ಅಂತ ಇಟ್ಟುಕೊಳ್ಳೋಣ. ಫೆಬ್ರವರಿ ಮೊದಲ ವಾರ ಒಂದು ದಿನ, ಬೆಳಿಗ್ಗೆ ಹುರಿಯುವ ಕೋಣೆ, ಸಂಜೆ ಕಣ. ಇನ್ನೊಂದು ಹೂವಿನ ದಿನ. ಮೊದಲ ದಿನ ಭಾವ ಫೋನ್ ಹಿಡಿದು ನನಗೆ ವಿಡಿಯೋ ಕಾಲ್ ಮಾಡಲಿ, ನಾನು ಬೇಗ ಏಳುತ್ತೇನೆ. ಫೋಟೋಗ್ರಾಫರಿಗೆ ಅಮ್ಮ ಅಕ್ಕಿರೊಟ್ಟಿ, ಬೆಲ್ಲದ ಕಾಫಿ ಕೊಡದೆ ಕಳಿಸುವುದಿಲ್ಲ ಅಂತ ಗೊತ್ತು.

ಅಪ್ಪನನ್ನು ಕೇಳಿ ಸ್ಪ್ರಿಂಕ್ಲರ್ ಯಾವಾಗ ಅಂತ ತಿಳಿಸು. ಆ ಸಾಸಿವೆ ಸೀರೆಗೆ ಹೊಂದುವ ರವಿಕೆ ಹಳೆಯದಾಗಿದೆ ಅಂದಿದ್ದೆ, ಈ ವಾರವೇ ಹೊಲಿಯಲು ಕೊಡು.

ನಿನ್ನ ತಂಗಿ