ಹಿಚಮ್‌ನ ಹುಡುಗಿಯರು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಪ್ಯಾರಿಷ್ ಎಂದರೆ ಏನಾಗಿತ್ತೆಂದು ನೀನು ಕೇಳಿದ್ದೆ. ಒಂದು ಚರ್ಚು, ಅದಕ್ಕೊಬ್ಬ ಪಾದ್ರಿ, ಆತನ ಆಧ್ಯಾತ್ಮಿಕ ಹೊಣೆಗೆ ಒಳಪಟ್ಟ ಊರು ಇವಿಷ್ಟೂ ಸೇರಿ ಪ್ಯಾರಿಷ್. ಊರಿನ ಶಾಲೆಯೂ ಬಡವರಿಗೆ ಸಿಗುವ ನೆರವೂ ಬಹುಮಟ್ಟಿಗೆ ಪಾದ್ರಿಯ ಮನಸ್ಸನ್ನು ಅವಲಂಬಿಸಿದ್ದುದರಿಂದ, ಆತ ಎಂಥವನೆಂಬುದು ಕೂಲಿಕಾರರ ಮನೆಗಳಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ರಾಣಿ ಪಟ್ಟಕ್ಕೆ ಬಂದ 1837ರಲ್ಲೇ ಸಫೋಕ್ ಪ್ರಾಂತ್ಯದ ಹಿಚಮ್ ಎಂಬ ಹಳ್ಳಿಗೆ ಜಾನ್ ಸ್ಟೀವನ್ಸ್ ಹೆನ್ಸ್‌ಲೋ ಪಾದ್ರಿಯಾಗಿ ನೇಮಕಗೊಂಡರು. ಅವರು ಕೇಂಬ್ರಿಡ್ಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಚಾರ್ಲ್ಸ್ ಡಾರ್ವಿನ್ನರ ಗುರುಗಳು. 1831ರಲ್ಲಿ ಡಾರ್ವಿನ್ ಬೀಗಲ್ ಹಡಗನ್ನು ಏರುವಂತಾದದ್ದು ಇವರ ಪತ್ರದಿಂದಲೇ. ಅಂಥವರು ಹಿಚಮ್‌ನಲ್ಲಿ ಶಾಲೆ ತೆರೆದು, ಹೊಲಗೂಲಿಯವರ ಮಕ್ಕಳಿಗೆ ಸೋಮವಾರ ಮಧ್ಯಾಹ್ನಗಳಲ್ಲಿ ಸಸ್ಯಶಾಸ್ತ್ರವನ್ನು ತಾವೇ ಕಲಿಸಿದರು. ಮಕ್ಕಳು ಬೇಲಿಸಾಲಿನ ಕಾಡುಹೂಗಳನ್ನು ಕಿತ್ತುತಂದು, ಎಸಳು ಎಸಳಾಗಿ ಬಿಡಿಸಿ, ದಳಗಳೆಷ್ಟು, ಕೇಸರಗಳೆಷ್ಟು, ಅವು ಎಲ್ಲಿ ಅಂಟಿಕೊಂಡಿವೆ ಎಂಬುದನ್ನು ನೋಡಿ ಕೋಷ್ಟಕದಲ್ಲಿ ತುಂಬಬೇಕಾಗಿತ್ತು. ಶಾಸ್ತ್ರದ ಕಠಿಣ ಪದಗಳನ್ನು ತಪ್ಪಿಲ್ಲದೆ ಬರೆಯಲು ಕಲಿತವರಿಗೇ ತರಗತಿಗೆ ಪ್ರವೇಶ. ಬಡವರ ಮಕ್ಕಳೆಂದು ಪಾಠವನ್ನು ತೆಳುಗೊಳಿಸದೆ, ಅವರ ಬುದ್ಧಿಯನ್ನು ಪೂರ್ಣವಾಗಿ ನಂಬಿದ್ದು ನನ್ನ ದೃಷ್ಟಿಯಲ್ಲಿ ಅವರ ಬಹುದೊಡ್ಡ ಸಾಧನೆ. 1855ರಲ್ಲಿ ಡಾರ್ವಿನ್ ತಮ್ಮ ಪ್ರಯೋಗಗಳಿಗೆ ಬೇಕಾದ ಕಾಡುಗಿಡಗಳ ಬೀಜಗಳನ್ನು ಈ ಹಳ್ಳಿಯ ಪುಟ್ಟ ಹುಡುಗಿಯರಿಂದಲೇ ಹಣ ಕೊಟ್ಟು ತರಿಸಿಕೊಂಡರೆಂಬುದನ್ನು ನೀನು ಖಂಡಿತ ನೆನಪಿಡಬೇಕು. ಅವರ ಹೆಸರುಗಳು ನಮ್ಮ ಪಠ್ಯಪುಸ್ತಕಗಳಿಗೆ ಬರಲೇ ಇಲ್ಲವೆಂಬ ನೋವು ನನಗಿದೆ.

ಹೆನ್ಸ್‌ಲೋ ಮಾಡಿದ್ದನ್ನೆಲ್ಲ ಊರಿನಲ್ಲಿ ಎಲ್ಲರೂ ಮೆಚ್ಚಿದರೆಂದು ತಿಳಿಯಬೇಡ. ಕೂಲಿಕಾರರು ತಮ್ಮ ಮನೆಗಾಗುವಷ್ಟು ತರಕಾರಿ, ಆಲೂಗಡ್ಡೆ ಬೆಳೆದುಕೊಳ್ಳಲೆಂದು ಹೆನ್ಸ್‌ಲೋ ಆ ಬಡವರಿಗೆ ತುಂಡುಭೂಮಿ ಗೇಣಿಗೆ ಕೊಡಿಸಹೊರಟಾಗ ದೊಡ್ಡ ರೈತರು ತಿರುಗಿಬಿದ್ದರು. ಅಂಥ ಭೂಮಿ ಹಿಡಿದವನಿಗೆ ಕೆಲಸ ಕೊಡುವುದಿಲ್ಲವೆಂದು ನಿರ್ಣಯಿಸುವವರೆಗೂ ಹೋದರು. ತನ್ನದೆಂಬ ಮಣ್ಣು ಒಂದಿಷ್ಟು ದೊರೆತರೆ ಆಳು ತಲೆಯೆತ್ತಿಯಾನೆಂಬ ಭಯ ಯಾವ ದೇಶದ ಒಡೆಯರಿಗೂ ಹೊಸದಲ್ಲ. ಹೆನ್ಸ್‌ಲೋ ಮಣಿಯಲಿಲ್ಲ. ತುಂಡುಭೂಮಿಗಳು ಉಳಿದವು, ಅವುಗಳಲ್ಲಿ ಬೆಳೆದದ್ದನ್ನು ಊರಿನ ತೋಟಗಾರಿಕೆ ಪ್ರದರ್ಶನಗಳಲ್ಲಿ ಇಟ್ಟು ಕೂಲಿಕಾರರು ಬಹುಮಾನ ಪಡೆದರು, ಮತ್ತು 1861ರಲ್ಲಿ ತೀರಿಕೊಳ್ಳುವವರೆಗೂ ಹೆನ್ಸ್‌ಲೋ ಹಿಚಮ್‌ನ ಪಾದ್ರಿಯಾಗಿಯೇ ಇದ್ದರು.

ನಿನ್ನ ಪ್ರೀತಿಯ,
ಅಪ್ಪ